ಎರಡು ಕಾಲಾಳು ಹೆಚ್ಚಿದ್ದೂ ಡ್ರಾ ಆದ ಆಟ

ಬೆಳಗಿನ ಬಸ್ಸು ಹತ್ತಿ, ಬೇಲೂರು ಮೇಲೆ ಹಾಸನ ತಲುಪಿದಾಗ ಸಣ್ಣಗೆ ಮಳೆ. ಅಲ್ಲೊಂದು ಚೆಸ್ ಟೂರ್ನಿ. ಆಟಕ್ಕೆ ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರ್ಪಡೆ. ಎದುರಿಗೆ ಕೂತವನು ಎಂಟನೇ ಕ್ಲಾಸಿನ ಹುಡುಗ. ನಲವತ್ತನೇ ನಡೆಯ ಹೊತ್ತಿಗೆ ಬಿಳಿ ಕಾಯಿಯ ನನಗೆ ಒಂದು ಆನೆ. ಎ, ಎಫ್, ಜಿ ಸಾಲುಗಳಲ್ಲಿ ಮೂರು ಕಾಲಾಳು (ಸಾಲಿಗೆ ನನ್ನ ಎಡದಿಂದ ಎ ಇಂದ ಎಚ್ ಅಕ್ಷರ, ಮನೆಗೆ ನನ್ನ ಕಡೆಯಿಂದ 1ರಿಂದ 8 ಅಂಕಿ). ಅವನಿಗೆ ಒಂದು ಆನೆ, ಜಿ6ರಲ್ಲಿ ಒಂದೇ ಕಾಲಾಳು. ಊಟಕ್ಕೆ ಯಾವ ಹೋಟೆಲಿಗೆ ಹೋಗೋದು ಅಂತ ಆಗಲೇ ಯೋಚಿಸತೊಡಗಿದ್ದೆ.

ಕೊನೇ ಮನೆ ಮುಟ್ಟಿ ಮಂತ್ರಿಯಾಗಲು ಓಡುವ ಕಾಲಾಳಿನ ಹಿಂದೆ ಆನೆ ಇರಬೇಕು, ಮುಂದಲ್ಲ. ಇದನ್ನು ನಾನೇ ಮನೆಯ ಹತ್ತಿರದ ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. ಆದರೂ ನನ್ನ ಆನೆಯನ್ನು ಎ8ಕ್ಕೆ ಕಳಿಸಿ, ಕಾಲಾಳನ್ನು ಅದರ ಬೆನ್ನಿಗೇ ಎ6ರವರೆಗೆ ನೂಕಿದೆ. ಹುಡುಗ ತನ್ನ ಆನೆಯನ್ನು ಎ1ಕ್ಕೆ ತಂದು ಹಿಂದಿನಿಂದ ಹಿಡಿದ. ಅಷ್ಟಾದರೂ ಗೆಲುವು ಕೈಬಿಟ್ಟಿರಲಿಲ್ಲ.

52ನೇ ನಡೆಯಲ್ಲಿ ಎಫ್5ರ ಕಾಲಾಳಿನಿಂದ ಜಿ6 ಹೊಡೆದೆ, ಅವನ ರಾಜ ಅದನ್ನು ತಿಂದ. ಹಲಗೆ ಖಾಲಿಯಾದಷ್ಟೂ ಕೆಲಸ ಸುಲಭ ಅನ್ನೋದು ನನ್ನ ಹಳೇ ಚಾಳಿ. ಈಗ ಉಳಿದದ್ದು ಎ ಮತ್ತು ಜಿ. ರಾಜನನ್ನು ನಿಧಾನಕ್ಕೆ ಬಿ6ಕ್ಕೆ ನಡೆಸಿಕೊಂಡು ಹೋಗಿದ್ದರೆ ಸಾಕಿತ್ತು. ಕಾಲಾಳು ಎ6ರಲ್ಲಿರುವಾಗ ಎ7ರ ಮನೆ ರಾಜನಿಗೆ ಒಳ್ಳೆ ಮರೆ, ಹಿಂದಿನಿಂದ ಚೆಕ್ ಕೊಟ್ಟರೂ ಅಲ್ಲಿ ಅಡಗಬಹುದು. ನಾನು ಆ ಮನೆಗೆ ಕಾಲಾಳನ್ನೇ ನೂಕಿದೆ. ಹುಡುಗ ತಕ್ಷಣ ರಾಜನನ್ನು ಜಿ7ಕ್ಕೆ ಇಟ್ಟ. ಆಟ ಅಲ್ಲಿಗೇ ಡ್ರಾ. ಅದು ಗೊತ್ತಾಗದೆ ಇನ್ನೂ ಎರಡು ಗಂಟೆ ಎಳೆದೆ.

ಕಪ್ಪು ರಾಜ ಜಿ7, ಎಚ್7 ಬಿಟ್ಟು ಕದಲಬಾರದು. ಕದಲಿದರೆ ಕತೆ ಮುಗಿಯಿತು. 66ನೇ ನಡೆಯಲ್ಲಿ ಅವನು ರಾಜನನ್ನು ಎಫ್7ಕ್ಕೆ ಸರಿಸಿದ. ನನ್ನ ಆನೆ ಎಚ್8ಕ್ಕೆ ಹೋಗಬೇಕಿತ್ತು. ಅವನು ಎ7ರ ಕಾಲಾಳು ತಿಂದರೆ ಎಚ್7ರಿಂದ ಚೆಕ್, ರಾಜ ಸರಿದ ಕೂಡಲೇ ಅವನ ಆನೆ ನನ್ನದು. ತಿನ್ನದಿದ್ದರೆ ಎ8ರಲ್ಲಿ ಮಂತ್ರಿ. ನಾನು ಹಲಗೆಯ ಆ ಮಗ್ಗುಲನ್ನು ನೋಡಲೇ ಇಲ್ಲ. ಅವನ ಆನೆಯನ್ನು ಓಡಿಸಬೇಕು ಅಂತ ನನ್ನ ರಾಜನನ್ನು ಬಿ3ಕ್ಕೆ ತಂದೆ. ಹುಡುಗನ ಕಿವಿ ಕೆಂಪಾಗಿತ್ತು. ರಾಜನನ್ನು ಮತ್ತೆ ಜಿ7ಕ್ಕೆ ಇಟ್ಟು, ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

71ರಲ್ಲಿ ಜಿ ಕಾಲಾಳು ಆರನೇ ಮನೆಗೆ ಹೋಯಿತು. ಆಮೇಲೆ ಕಾಲಾಳೂ ಕದಲಲಿಲ್ಲ, ಹೊಡೆತವೂ ಇಲ್ಲ. ನನ್ನ ರಾಜ ಊರೆಲ್ಲ ಸುತ್ತಿದ, ಅವನ ಆನೆ ಎ ಸಾಲಿನಲ್ಲಿ ಮೇಲೆ ಕೆಳಗೆ. 121ಕ್ಕೆ ಹುಡುಗ ಗಡಿಯಾರ ನಿಲ್ಲಿಸಿ, ಸ್ಕೋರ್‌ಶೀಟ್ ಹಿಡಿದು ತೀರ್ಪುಗಾರರಾದ ಆರ್ಬಿಟರ್‌ ಅವರನ್ನು ಕರೆದ: 50 ನಡೆ ಆಯ್ತು ಸರ್. ಹಾಗೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದು. ಕಾರ್ಲ್‌ಸನ್ 2021ರಲ್ಲಿ ದುಬೈನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನೆಪೊಮ್ನಿಯಾಶ್ಚಿ ಎದುರು 136 ನಡೆ ಎಳೆದು ಗೆದ್ದಿದ್ದರು. ಎಳೆಯೋದರಲ್ಲಿ ಮಾತ್ರ ನಾನು ಅವರ ಹತ್ತಿರ ಹೋಗಿದ್ದೆ.

“ಅಂಕಲ್, ಎಚ್8 ಇತ್ತಲ್ವಾ?” ಅಂದ ಕಾಯಿ ಜೋಡಿಸುತ್ತಾ. ಬಸ್ಸಿನಲ್ಲಿ ಚಿಕ್ಕಮಗಳೂರು ಬರೋವರೆಗೂ ಅದೊಂದೇ ನಡೆಯ ಕೊರಗು.

ರಾತ್ರಿ ಮನೆಯಲ್ಲಿ ಹಲಗೆ ಹಾಸಿ ಕೂತಾಗ ನಿಜವಾದ ತಪ್ಪು ಸಿಕ್ಕಿತು. ಎಚ್8 ಅವನು ಕೊಟ್ಟ ಭಿಕ್ಷೆ. ನನ್ನ ದುಡಿಮೆ ಪೋಲಾದದ್ದು ಅದಕ್ಕೂ ಮೊದಲು. ಕೆಲವೇ ಕಾಯಿ ಉಳಿದ ಆಟಗಳ ಫಲಿತಾಂಶವನ್ನು ಪಕ್ಕಾ ಹೇಳುವ ಕಂಪ್ಯೂಟರ್ ಕೋಶ ಟೇಬಲ್‌ಬೇಸ್ ಕೂಡ ಎ7ರ ಮುಂಚೆ ಗೆಲುವು, ಆಮೇಲೆ ಡ್ರಾ ಅಂದಿತು. ಅದರ ಲೆಕ್ಕ ಏಳು ಕಾಯಿಯವರೆಗೆ ಮಾತ್ರ. 52ನೇ ನಡೆಗೆ ಮುಂಚೆ ಹಲಗೆ ಮೇಲೆ ಎಂಟಿದ್ದವು, ಹಾಗಾಗಿ ಅದನ್ನು ಕೈಯಲ್ಲೇ ಆಡಿ ನೋಡಿದೆ. ಎಫ್ ಕಾಲಾಳು ಉಳಿದಿದ್ದರೆ ಅದೇ ಎ7 ಗೆಲ್ಲುವ ನಡೆ! ಹಿಂದೆಯೇ ಎಫ್6 ಚೆಕ್. ರಾಜ ತಿಂದರೆ ಎಫ್8ರಿಂದ ಆನೆ ಚೆಕ್, ಎಫ್7ಕ್ಕೆ ಹೋದರೆ ಎಚ್8, ಎಚ್ ಸಾಲಿಗೆ ಹೋದರೆ ಎಫ್7.

ಎರಡು ತಿಂಗಳ ಮೇಲೆ ಇನ್ನೊಂದು ಟೂರ್ನಿಯಲ್ಲಿ ಹುಡುಗ ಸಿಕ್ಕ. ಎಫ್ ಕಾಲಾಳಿನ ವಿಷಯ ಹೇಳಿದೆ.

“ಗೊತ್ತಿತ್ತು ಅಂಕಲ್. ನೀವು ಜಿ6 ಹೊಡೆಯದೇ ಇದ್ದಿದ್ರೆ ಅವತ್ತು ರಿಸೈನ್ ಮಾಡಿ ಊಟಕ್ಕೆ ಹೋಗ್ತಿದ್ದೆ.”