‘ವ್ಯಕ್ತಿ’ಯನ್ನು ಅಳಿಸುವ ಕೆಲಸ

ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಕರಡು ಮುಗಿದ ಕೂಡಲೇ ನಾನು ಕಂಪ್ಯೂಟರಿನಲ್ಲಿ ‘ವ್ಯಕ್ತಿ’ ಎಂದು ಹುಡುಕುತ್ತೇನೆ. ಕೈಪಿಡಿ, ಸುತ್ತೋಲೆಗಳಲ್ಲಿ ಪುಟಕ್ಕೆ ನಾಲ್ಕೈದಾದರೂ ಸಿಕ್ಕೇ ಸಿಗುತ್ತವೆ. ಪರ್ಸನ್, ಪೀಪಲ್, ಇಂಡಿವಿಜುವಲ್, ಹ್ಯೂಮನ್ ಬೀಯಿಂಗ್ ಎಲ್ಲವೂ ಬಂದು ಬೀಳುವುದು ಆ ಒಂದೇ ಗುಂಡಿಗೆ. ಹೆಚ್ಚಿನವನ್ನು ಅಳಿಸಬಹುದು. ಕೆಲವನ್ನು ಮಾತ್ರ ಮುಟ್ಟಲೇಬಾರದು.

ಅಳಿಸಲು ಬರುವುದೇಕೆ ಎಂದರೆ, ಕನ್ನಡ ಮನುಷ್ಯರನ್ನು ನಾಮಪದದಲ್ಲಿ ಮಾತ್ರ ಇಡುವುದಿಲ್ಲ. ‘ಸೇದುವವರು’ ಎಂದರೆ ಸಾಕು, ಜನ ಅದರೊಳಗೇ ಇದ್ದಾರೆ. ‘ಧೂಮಪಾನ ಮಾಡುವ ವ್ಯಕ್ತಿಗಳು’ ಬೇಕಿಲ್ಲ. ‘ಕಾಣೆಯಾದವರು’, ‘ಗಾಯಗೊಂಡವರು’, ‘ಸಂಪರ್ಕಿಸಬೇಕಾದವರು’ ಇವೂ ಹಾಗೆಯೇ. ಅರ್ಜಿ ನಮೂನೆಯಾದರೆ ಆ ಮನುಷ್ಯ ಅಲ್ಲಿ ಏನಾಗಿ ಬಂದಿದ್ದಾನೆ ಎಂದು ನೋಡಿ ಅರ್ಜಿದಾರರು, ರೋಗಿ, ಪ್ರಯಾಣಿಕರು ಎಂದು ಹೆಸರಿಸುತ್ತೇನೆ. ನಿಲ್ದಾಣದ ಫಲಕವೊಂದರ ಮೊದಲ ಕರಡು ಹೀಗಿತ್ತು ಎನ್ನೋಣ: ‘ವಾರಸುದಾರರಿಲ್ಲದ ಬ್ಯಾಗನ್ನು ಕಂಡ ಯಾವುದೇ ವ್ಯಕ್ತಿಯು ಉಸ್ತುವಾರಿ ಹೊಂದಿರುವ ವ್ಯಕ್ತಿಗೆ ತಿಳಿಸತಕ್ಕದ್ದು. ಜನರು ಅದನ್ನು ಮುಟ್ಟಬಾರದೆಂದು ಕೋರಲಾಗಿದೆ.’ ತಿದ್ದಿದ ಮೇಲೆ: ‘ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟಬೇಡಿ. ಸಿಬ್ಬಂದಿಗೆ ತಿಳಿಸಿ.’ ಮುಟ್ಟಬೇಡಿ ಎನ್ನುವುದನ್ನು ಮೊದಲಿಗೆ ತಂದದ್ದು ಬೇಕೆಂದೇ. ಬ್ಯಾಗ್ ಕಂಡವರು ಎರಡನೆಯ ವಾಕ್ಯದವರೆಗೆ ಓದುತ್ತಾರೆಂಬ ಖಾತರಿಯಿಲ್ಲ.

ಎಣಿಕೆಯಲ್ಲಿ ತಪ್ಪು ಹೆಚ್ಚು. ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು, ಇಲ್ಲಿಯವರೆಗೆ ಅಂಕಿಯೇ ಮನುಷ್ಯರನ್ನು ಹೊತ್ತುಕೊಂಡಿರುತ್ತದೆ. ‘ಮೂವರು ವ್ಯಕ್ತಿಗಳು’ ಎಂದರೆ ದಂಡದ ಮಾತು, ‘ಮೂರು ವ್ಯಕ್ತಿಗಳು’ ಎಂದರೆ ತಪ್ಪೇ. ಆರರಿಂದಾಚೆ ‘ಜನ’ ಅಥವಾ ‘ಮಂದಿ’. ಧಾರವಾಡದ ಕಡೆ ಓದುವವರಿಗೆ ‘ಮಂದಿ’ ಎಂದರೆ ಬರೀ ಲೆಕ್ಕವಲ್ಲ, ಲೋಕವೂ ಹೌದು. ‘ಮಂದಿ ಏನಂತಾರ’ ಎನ್ನುವಾಗ ಅಲ್ಲಿ ಅಂಕಿ ಇಲ್ಲ. ಗದ್ದೆ ಕೆಲಸಕ್ಕೆ ‘ಎಂಟಾಳು’. ಅದೇ ಕೆಲಸ ಸರ್ಕಾರದ ಉದ್ಯೋಗ ಖಾತರಿ ಕಡತಕ್ಕೆ ಹೋದರೆ ‘ಮಾನವ ದಿನ’. ಅಲ್ಲಿ ಆ ಪದ ಬದಲಿಸಲು ಹೋಗಬೇಡಿ, ಪಂಚಾಯಿತಿಯವರಿಗೆ ಗೊತ್ತಿರುವುದು ಅದೇ.

ಮೊಬೈಲ್ ಆ್ಯಪ್‌ಗಳ ಅನುವಾದದಲ್ಲಿ ಒಂದು ಗುಪ್ತ ಕಂದಕವಿದೆ. ಎಣಿಕೆಗೆ ತಕ್ಕಂತೆ ವಾಕ್ಯ ಬದಲಾಗಲೆಂದು ‘ಒನ್’, ‘ಅದರ್’ ಎಂದು ಎರಡು ಖಾನೆ ಕೊಡುತ್ತಾರೆ. ಮೊದಲನೆಯದು ಏಕವಚನ ತಾನೇ ಎಂದು ಅಂಕಿ ತೆಗೆದು ‘ಒಬ್ಬರು ಇಷ್ಟಪಟ್ಟಿದ್ದಾರೆ’ ಎಂದು ಬರೆದರೆ, ಯಾರೂ ಇಷ್ಟಪಡದ ಚಿತ್ರದ ಕೆಳಗೂ ಒಬ್ಬರು ಬಂದು ಕೂರುತ್ತಾರೆ. ಒಂದೊಂದು ಭಾಷೆಯ ರೂಢಿಯನ್ನು ಕಂಪ್ಯೂಟರಿಗೆ ತಿಳಿಸಿಕೊಡುವ ಯೂನಿಕೋಡ್‌ನ ಸಿಎಲ್‌ಡಿಆರ್ ಎಂಬ ದತ್ತಾಂಶದ ನಿಯಮದಲ್ಲಿ ಕನ್ನಡದ ‘ಒನ್’ ಖಾನೆಗೆ 1 ಮಾತ್ರವಲ್ಲ, 0 ಕೂಡ ಸೇರಿದೆ. ಹಿಂದಿ, ಬಂಗಾಳಿ, ಗುಜರಾತಿಗಳಿಗೂ ಅದೇ ನಿಯಮ, ಇಂಗ್ಲಿಷಿಗೆ ಹಾಗಿಲ್ಲ. ಆದ್ದರಿಂದ ‘=0’, ‘=1’ ಎಂದು ನೇರವಾಗಿ ಬರೆಯಲು ಅವಕಾಶವಿದ್ದರೆ ಅಲ್ಲಿ ‘ಯಾರೂ ಇಲ್ಲ’, ‘ಒಬ್ಬರು’ ಹಾಕಿ. ಇಲ್ಲದಿದ್ದರೆ ಎರಡೂ ಖಾನೆಗೆ ಅಂಕಿ ಮತ್ತು ‘ಜನ’. ‘1 ಜನ’ ಕಿವಿಗೆ ಒರಟು, ಆದರೆ ಸುಳ್ಳಲ್ಲ.

ಇನ್ನು ಲಿಂಗ. ಪರ್ಸನ್ ಎಂದು ಬರೆದು ಇಂಗ್ಲಿಷಿನವರು ಹೆಣ್ಣೋ ಗಂಡೋ ಹೇಳದೆ ಪಾರಾಗುತ್ತಾರೆ. ನಮ್ಮಲ್ಲಿ ‘ವ್ಯಕ್ತಿ’ ಎಂದು ಶುರು ಮಾಡಿದರೂ ವಾಕ್ಯದ ಕೊನೆಗೆ ‘ಬಂದನು’ ಅಥವಾ ‘ಬಂದಳು’ ಎಂದು ಬಾಯಿ ಬಿಡಲೇಬೇಕು. ಹೊರದಾರಿ ಎಂದರೆ ‘ಒಬ್ಬರು’, ‘ಅವರು’. ಚೇರ್‌ಪರ್ಸನ್‌ಗೆ ‘ಅಧ್ಯಕ್ಷರು’ ಎಂದರಾಯಿತು, ಹೊಸ ಪದ ಕಟ್ಟುವ ಗೋಜಿಲ್ಲ. ಆರೋಪಿಗೆ ಬಹುವಚನವೇ ಎಂದು ಕೆಲವು ಸಂಪಾದಕರು ಮುಖ ಸಿಂಡರಿಸುತ್ತಾರೆ. ನಾನು ಬಿಟ್ಟುಕೊಡುವುದಿಲ್ಲ.

ಹಳೆಯ ಬರಹದಲ್ಲಿ ಮ್ಯಾನ್ ಕಂಡಲ್ಲೆಲ್ಲ ‘ಗಂಡಸು’ ಎಂದು ಬರೆಯಬಾರದು. ಹಳೆಯ ಇಂಗ್ಲಿಷಿನಲ್ಲಿ ಅದು ಬರೀ ಮನುಷ್ಯ. ಗಂಡಿಗೆ ‘ವೆರ್’, ಹೆಣ್ಣಿಗೆ ‘ವೀಫ್’ ಎಂದು ಬೇರೆ ಪದಗಳಿದ್ದವು. ತೋಳಮನುಷ್ಯನ ವೇರ್‌ವುಲ್ಫ್‌ನಲ್ಲಿ ಮೊದಲನೆಯದು, ಸೂಲಗಿತ್ತಿಯ ಮಿಡ್‌ವೈಫ್‌ನಲ್ಲಿ ಎರಡನೆಯದು ಇನ್ನೂ ಉಳಿದಿವೆ. ಆದರೆ ಕಾಲ ಸರಿದಂತೆ ಮ್ಯಾನ್ ಗಂಡಿನ ಕಡೆಗೆ ವಾಲಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ‘ಆಲ್ ಮೆನ್’ ಎಂದಿದ್ದುದನ್ನು ‘ಆಲ್ ಹ್ಯೂಮನ್ ಬೀಯಿಂಗ್ಸ್’ ಎಂದು ಬದಲಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಕನ್ನಡದ ‘ಮಾನವರು’ ಆ ಜಗಳವನ್ನೇ ನುಂಗಿಹಾಕುತ್ತದೆ. ಘೋಷಣೆಯ ಇತಿಹಾಸ ಅನುವಾದಿಸುವಾಗ ಮಾತ್ರ ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಇಡಬೇಕು. ಇಲ್ಲದಿದ್ದರೆ ಏನು ಬದಲಾಯಿತೆಂದೇ ಓದುಗರಿಗೆ ತಿಳಿಯದು.

ಈಗ ಮುಟ್ಟಬಾರದವು. ಕಾನೂನಿನ ಪರ್ಸನ್ ಮನುಷ್ಯನೇ ಆಗಿರಬೇಕಿಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ ಕಂಪನಿ, ಸಂಘಗಳೂ ಅದರಲ್ಲಿ ಸೇರುತ್ತವೆ. ಕರಾರುಪತ್ರದ ಪರ್ಸನ್ ಅನ್ನು ‘ಯಾರಾದರೂ’ ಎಂದು ಸರಳಗೊಳಿಸಿದರೆ ಕಂಪನಿ ಮೆಲ್ಲಗೆ ಜಾರಿಕೊಳ್ಳುತ್ತದೆ. 1961ರ ಆದಾಯ ತೆರಿಗೆ ಕಾಯ್ದೆ ಏಳು ಬಗೆಯ ಪರ್ಸನ್‌ಗಳನ್ನು ಎಣಿಸಿತ್ತು. ಇಂಡಿವಿಜುವಲ್ ಅವುಗಳಲ್ಲಿ ಒಂದು, ಹಿಂದೂ ಅವಿಭಕ್ತ ಕುಟುಂಬ ಇನ್ನೊಂದು. ಪರ್ಸನ್, ಇಂಡಿವಿಜುವಲ್ ಎರಡಕ್ಕೂ ‘ವ್ಯಕ್ತಿ’ ಎಂದರೆ ‘ವ್ಯಕ್ತಿ ಎಂದರೆ ವ್ಯಕ್ತಿ’ ಎಂಬ ನಗೆಪಾಟಲಿನ ವ್ಯಾಖ್ಯೆ ಹುಟ್ಟುತ್ತದೆ. ಇಂಥಲ್ಲಿ ನಾನು ಪರ್ಸನ್‌ಗೆ ‘ವ್ಯಕ್ತಿ’ ಎಂದಿಟ್ಟು ಇಂಡಿವಿಜುವಲ್‌ಗೆ ‘ಬಿಡಿ ವ್ಯಕ್ತಿ’ ಎನ್ನುತ್ತೇನೆ. ಮೊದಲ ಬಳಕೆಯಲ್ಲೇ ಅರ್ಥ ಹೇಳಿ, ಕೊನೆಯವರೆಗೂ ಬದಲಿಸುವುದಿಲ್ಲ.

ಸಂವಿಧಾನದಲ್ಲಿ ಇನ್ನೂ ಹುಷಾರಾಗಿರಬೇಕು. 14 ಮತ್ತು 21ನೇ ವಿಧಿಗಳಲ್ಲಿರುವುದು ಪರ್ಸನ್. 19ರಲ್ಲಿರುವುದು ಸಿಟಿಜನ್. 21ಕ್ಕೆ ‘ಪ್ರಜೆ’ ಎಂದು ಬರೆದವರ ಕೈಯಲ್ಲಿ ಇಲ್ಲಿರುವ ವಿದೇಶಿಯರ ಜೀವದ ಹಕ್ಕೇ ಮಾಯ. ಪೀಪಲ್ಸ್ ಎಂದು ಕೊನೆಗೊಂದು ಎಸ್ ಕಂಡರೂ ನಿಲ್ಲಿ: 2007ರ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕು ಘೋಷಣೆಯಲ್ಲಿ ಆ ಎಸ್ ಬಿಡಿ ಜನರನ್ನಲ್ಲ, ಒಂದೊಂದು ಸಮುದಾಯವನ್ನು ಹೇಳುತ್ತದೆ. ‘ಜನರು’ ಸಾಲದು, ‘ಜನಸಮುದಾಯಗಳು’ ಬೇಕು.

ಕಥೆ, ಸಂಭಾಷಣೆಗೆ ಬಂದರೆ ನಿಘಂಟು ಮುಚ್ಚಿಡಿ. ‘ಗೈ’ ಹುಟ್ಟಿದ್ದು 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಸಿಡಿಮದ್ದು ಇಡಲು ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್ ಹೆಸರಿನಿಂದ. ವರ್ಷವರ್ಷವೂ ಅಲ್ಲಿ ಸುಡುವ ಅವನ ಗೊಂಬೆಯಿಂದ ಆ ಹೆಸರು ವಿಕಾರ ವೇಷದವನಿಗೆ, ಅಲ್ಲಿಂದ ಯಾವನಿಗಾದರೂ ಇಳಿಯಿತು. ಆ ಸಲಿಗೆಗೆ ನಮ್ಮಲ್ಲಿ ‘ಆಸಾಮಿ’, ‘ಗಿರಾಕಿ’ ಇದ್ದಾರೆ. ‘ಯು ಗೈಸ್’ ಎಂದರೆ ಬರೀ ‘ನೀವೆಲ್ಲ’. ‘ಮೈ ಫೋಕ್ಸ್’ ಎಂದರೆ ‘ನಮ್ಮ ಮನೆಯವರು’. ಹ್ಯಾಂಡ್ಸ್ ಕಡಿಮೆಯಾದರೆ ನಮಗೆ ಆಳು ಸಾಲುವುದಿಲ್ಲ. ಸೋಲ್ ಬಂದಾಗ ಆತ್ಮವನ್ನು ಎಳೆದು ತರಬೇಡಿ: ಹಡಗು ಮುಳುಗಿದರೆ ‘ನಲವತ್ತು ಜೀವ’, ‘ಪೂರ್ ಸೋಲ್’ ಎಂದರೆ ‘ಪಾಪ’ ಅಷ್ಟೇ, ರಾತ್ರಿ ಬೀದಿ ಖಾಲಿಯಿದ್ದರೆ ‘ಒಂದು ನರಪಿಳ್ಳೆಯೂ ಇರಲಿಲ್ಲ’.