ಪರದೇಶದಲ್ಲಿದ್ದು ಓದುವವರಿಗೆ: ಕಣ್ಗಾವಲಿನ ಪರೀಕ್ಷೆಯಿಲ್ಲದ ಅಗ್ಗದ ಆನ್‌ಲೈನ್ ಕೋರ್ಸು ಹುಡುಕುವ ಬಗೆ

ಗಂಡನ ಅಥವಾ ಹೆಂಡತಿಯ ಕೆಲಸದ ಬೆನ್ನಿಗೆ ಅಮೆರಿಕಕ್ಕೆ ಹೋದವರಿಗೂ, ದುಬೈ, ಮಸ್ಕತ್‌ಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೂ ನಿಂತುಹೋದ ಓದನ್ನು ಮುಂದುವರಿಸಲು ಎರಡು ಅಡ್ಡಿಗಳಿರುತ್ತವೆ. ಒಂದು ಶುಲ್ಕ, ಇನ್ನೊಂದು ಕ್ಯಾಮೆರಾದ ಮುಂದೆ ಕುಳಿತು ಬರೆಯಬೇಕಾದ ಪರೀಕ್ಷೆ. ಶುಲ್ಕವನ್ನು ಎಲ್ಲರೂ ಮೊದಲೇ ವಿಚಾರಿಸುತ್ತಾರೆ. ಪರೀಕ್ಷೆಯ ಸಂಗತಿ ಮಾತ್ರ ಸಾಮಾನ್ಯವಾಗಿ ಹಣ ಕಟ್ಟಿದ ಮೇಲೆ ಗೊತ್ತಾಗುತ್ತದೆ.

ನನಗಾದದ್ದೂ ಅದೇ. ಶಾರ್ಜಾದಲ್ಲಿ ಮೂವರು ಹಂಚಿಕೊಂಡಿದ್ದ ಫ್ಲ್ಯಾಟ್‌ನಲ್ಲಿದ್ದಾಗ ಅಮೆರಿಕದ ಒಂದು ಕಾಲೇಜಿನ ಅಕೌಂಟಿಂಗ್ ಕೋರ್ಸಿಗೆ ಸೇರಿದ್ದೆ. ಆರನೆಯ ವಾರ ಮಧ್ಯಾವಧಿ ಪರೀಕ್ಷೆಯ ಸೂಚನೆ ಬಂತು: ಪರೀಕ್ಷೆಯ ಹೊತ್ತಿನಲ್ಲಿ ಬೇರೇನನ್ನೂ ತೆರೆಯಲು ಬಿಡದ ಲಾಕ್‌ಡೌನ್ ಬ್ರೌಸರ್ ಹಾಕಿಕೊಳ್ಳಬೇಕು, ಕೋಣೆಯ ನಾಲ್ಕೂ ಗೋಡೆಗಳನ್ನೂ ಮೇಜಿನ ಅಡಿಯನ್ನೂ ಕ್ಯಾಮೆರಾಕ್ಕೆ ತೋರಿಸಬೇಕು, ಪರೀಕ್ಷೆ ಮುಗಿಯುವವರೆಗೆ ಬೇರೆ ಯಾರೂ ಒಳಗೆ ಬರಬಾರದು. ನನ್ನ ಬಳಿ ಇದ್ದದ್ದು ಕಂಪನಿಯ ಲ್ಯಾಪ್‌ಟಾಪ್. ಹೊರಗಿನ ಯಾವ ತಂತ್ರಾಂಶವನ್ನೂ ಅದರಲ್ಲಿ ಹಾಕುವಂತಿರಲಿಲ್ಲ. ಕೋಣೆಯ ಇನ್ನೊಂದು ಮಂಚದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದರು. ಶುಲ್ಕ ವಾಪಸು ಪಡೆಯುವ ಗಡುವು ಯಾವಾಗಲೋ ದಾಟಿಹೋಗಿತ್ತು. ಆದ್ದರಿಂದ ಶುಲ್ಕದ ಪುಟಕ್ಕಿಂತ ಮೊದಲು ಮೌಲ್ಯಮಾಪನದ ಪುಟವನ್ನು ಓದಬೇಕೆಂಬುದೇ ಇಲ್ಲಿ ನಾನು ಹೇಳಹೊರಟಿರುವ ಮುಖ್ಯ ಮಾತು.

ಅದಕ್ಕೂ ಮೊದಲು, ಈ ಓದು ಎಲ್ಲಿ ಉಪಯೋಗಕ್ಕೆ ಬರಬೇಕೆಂಬುದನ್ನು ಖಚಿತಪಡಿಸಿಕೊಳ್ಳಿ. ಊರಿಗೆ ಮರಳಿ ಸರ್ಕಾರಿ ನೌಕರಿಗೋ ಉನ್ನತ ವ್ಯಾಸಂಗಕ್ಕೋ ಪದವಿಯನ್ನು ತೋರಿಸಬೇಕೆಂದಿದ್ದರೆ ವಿದೇಶಿ ಆನ್‌ಲೈನ್ ಪದವಿ ಸರಿಯಾದ ದಾರಿಯಲ್ಲ. ವಿದೇಶಿ ಪದವಿಗಳಿಗೆ ಸಮಾನತೆ ನೀಡುವ ಬಗ್ಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ ಹೊರಡಿಸಿದ ನಿಯಮಗಳು ತರಗತಿಯಲ್ಲಿ ಖುದ್ದಾಗಿ ಕುಳಿತು ಓದಿದ ಪದವಿಯನ್ನೇ ಕೇಳುತ್ತವೆ. ಇನ್ನು ಭಾರತದ್ದೇ ಆನ್‌ಲೈನ್ ಪದವಿ ಓದೋಣವೆಂದರೆ, ಅಲ್ಲಿ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣದ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಕೊಠಡಿ ಮೇಲ್ವಿಚಾರಕರ ಎದುರಿನಲ್ಲಿಯೇ ಬರೆಯಬೇಕು. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಕೋರ್ಸಿನಲ್ಲಿ ಪಾಠ ಆನ್‌ಲೈನ್ ಆದರೂ ಕ್ವಿಜ್ ಮತ್ತು ಅಂತಿಮ ಪರೀಕ್ಷೆಗಳಿಗೆ ಕೇಂದ್ರಕ್ಕೆ ಹೋಗಬೇಕು. ಓದಿದ್ದು ಈಗಿರುವ ದೇಶದಲ್ಲಿ, ಈಗಿನ ಕೆಲಸದಲ್ಲಿ ಬಳಕೆಗೆ ಬಂದರೆ ಸಾಕು ಎನ್ನುವವರಿಗೆ ಮಾತ್ರ ಮುಂದಿನ ದಾರಿಗಳು ತೆರೆದಿವೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಒಳ್ಳೆಯದೆಂದು ಕಂಡಿರುವುದು ಕ್ಯಾಲಿಫೋರ್ನಿಯಾದಲ್ಲಿ ಎಚ್-4 ವೀಸಾದ (ಎಚ್-1ಬಿ ಉದ್ಯೋಗ ವೀಸಾದವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾ) ಮೇಲೆ ಇರುವವರಿಗೆ ಸಿಗುವ ಅವಕಾಶ. ಈ ವೀಸಾದವರು ಓದಲು ಅಡ್ಡಿಯಿಲ್ಲ. ಆ ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿದ್ದಕ್ಕೆ ಬಾಡಿಗೆ ಕರಾರು, ತೆರಿಗೆ ಪತ್ರ, ಚಾಲನಾ ಪರವಾನಗಿಗಳಂಥ ದಾಖಲೆ ತೋರಿಸಿದರೆ ಸಮುದಾಯ ಕಾಲೇಜುಗಳಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ) ರಾಜ್ಯದ ನಿವಾಸಿಗಳ ಶುಲ್ಕವೇ ಅನ್ವಯಿಸುತ್ತದೆ. ಅದು ಯೂನಿಟ್ಟಿಗೆ (ಕ್ರೆಡಿಟ್ಟಿಗೆ) 46 ಡಾಲರ್, ಎಂದರೆ ಮೂರು ಯೂನಿಟ್ಟಿನ ಒಂದು ಕೋರ್ಸಿಗೆ 138 ಡಾಲರ್. ಜೊತೆಗೆ ಆರೋಗ್ಯ ಶುಲ್ಕದಂಥ ಸಣ್ಣಪುಟ್ಟ ಖರ್ಚುಗಳಿರುತ್ತವೆ. ಕ್ಯಾಲಿಫೋರ್ನಿಯಾ ವರ್ಚುವಲ್ ಕ್ಯಾಂಪಸ್ ಎಂಬ ತಾಣದಲ್ಲಿ ರಾಜ್ಯದ ಸಮುದಾಯ ಕಾಲೇಜುಗಳ ಆನ್‌ಲೈನ್ ಕೋರ್ಸುಗಳನ್ನು ಒಟ್ಟಿಗೆ ಹುಡುಕಬಹುದು. ಪಠ್ಯಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲದ ಕೋರ್ಸುಗಳಿಗೆ ಅಲ್ಲಿ ಬೇರೆಯೇ ಗುರುತಿದೆ, ಅದನ್ನು ಕಡೆಗಣಿಸಬೇಡಿ. ಆದರೆ ಇದೇ ಕಾಲೇಜಿಗೆ ದುಬೈನಲ್ಲಿ ಕುಳಿತು ಸೇರಿದರೆ ಹೊರಗಿನವರ ಶುಲ್ಕ ಬೀಳುತ್ತದೆ, ಅದು ಹಲವು ಪಟ್ಟು ಹೆಚ್ಚು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಒಂದು ಎಚ್ಚರಿಕೆಯಿದೆ: ವೀಸಾಕ್ಕೆ ಬೇಕಾದ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸು, ಇಲ್ಲವೇ ಮೂರು ಕ್ರೆಡಿಟ್ ಮಾತ್ರ ಸೇರುತ್ತದೆ.

ಕೊಲ್ಲಿ ದೇಶಗಳಲ್ಲಿರುವವರು 2009ರಲ್ಲಿ ಸ್ಥಾಪನೆಯಾದ, ಅಮೆರಿಕದ ಆನ್‌ಲೈನ್ ವಿಶ್ವವಿದ್ಯಾನಿಲಯವಾದ ಯೂನಿವರ್ಸಿಟಿ ಆಫ್ ದಿ ಪೀಪಲ್ ಅನ್ನು ನೋಡಬಹುದು. ಬೋಧನಾ ಶುಲ್ಕವಿಲ್ಲದಿದ್ದರೂ ಅರ್ಜಿಗೂ ಪ್ರತಿ ಕೋರ್ಸಿನ ಮೌಲ್ಯಮಾಪನಕ್ಕೂ ಹಣ ಕಟ್ಟಬೇಕಾದ್ದರಿಂದ ‘ಉಚಿತ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಅಲ್ಲಿ ವಾರವಾರದ ಬರವಣಿಗೆ, ಚರ್ಚೆ ಮತ್ತು ಸಹಪಾಠಿಗಳೇ ನೀಡುವ ಅಂಕಗಳು ಮುಖ್ಯ. ಕಣ್ಗಾವಲಿನ ಅಂತಿಮ ಪರೀಕ್ಷೆ ಕೆಲವು ಕೋರ್ಸುಗಳಿಗಷ್ಟೇ ಇರುತ್ತದೆ, ಅವು ಯಾವುವೆಂದು ಮೊದಲೇ ಕೇಳಿ ತಿಳಿಯಿರಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಹಲವು ಮಾಡ್ಯೂಲ್‌ಗಳು ಪರೀಕ್ಷೆಯಿಲ್ಲದೆ ದೀರ್ಘ ಪ್ರಬಂಧದಿಂದಲೇ ಮುಗಿಯುತ್ತವೆ, ಆದರೆ ಅದು ಅಗ್ಗವಲ್ಲ.

ಈಗ ಹುಡುಕುವ ಕೆಲಸಕ್ಕೆ ಬರೋಣ. ಕೋರ್ಸಿನ ಪಟ್ಟಿಯಲ್ಲಿ ‘ಆನ್‌ಲೈನ್’ ಎಂದಿದ್ದರೆ ಸಾಲದು, ‘ಅಸಿಂಕ್ರೊನಸ್’ (ನಿಮ್ಮ ಬಿಡುವಿನ ಹೊತ್ತಿನಲ್ಲಿ ಓದುವಂಥದ್ದು) ಎಂದೂ ಇರಬೇಕು. ಇಲ್ಲವಾದರೆ ನಿಗದಿತ ಹೊತ್ತಿನ ಜೂಮ್ ತರಗತಿ ಇರುತ್ತದೆ. ಆಮೇಲೆ ಸಿಲಬಸ್ ಇಳಿಸಿಕೊಂಡು, ಹುಡುಕುವ ಪೆಟ್ಟಿಗೆಯಲ್ಲಿ ‘ಪ್ರಾಕ್ಟರ್’ (ಪರೀಕ್ಷೆಯ ಮೇಲ್ವಿಚಾರಕ) ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಹಾಕಿ ನೋಡಿ. ಅಷ್ಟಕ್ಕೇ ನಿಲ್ಲಬೇಡಿ: ಕಣ್ಗಾವಲಿನ ತಂತ್ರಾಂಶಗಳ ಹೆಸರುಗಳಾದ ಪ್ರಾಕ್ಟೋರಿಯೋ, ಆನರ್‌ಲಾಕ್, ರೆಸ್ಪಾಂಡಸ್, ಜೊತೆಗೆ ಲಾಕ್‌ಡೌನ್, ವೆಬ್‌ಕ್ಯಾಮ್ ಎಂಬ ಪದಗಳನ್ನೂ ಒಂದೊಂದಾಗಿ ಹುಡುಕಿ, ಏಕೆಂದರೆ ಎಷ್ಟೋ ಸಿಲಬಸ್‌ಗಳಲ್ಲಿ ಪರೀಕ್ಷೆಯ ಭಾಗದಲ್ಲಿ ಇಲ್ಲದ ಕ್ಯಾಮೆರಾ ‘ಬೇಕಾಗುವ ಸಲಕರಣೆ’ ಎಂಬ ಭಾಗದಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಬಳಿಕ ಅಂಕಗಳ ಹಂಚಿಕೆಯನ್ನು ನೋಡಿ. ಪ್ರಬಂಧ, ಚರ್ಚೆ, ಪ್ರಾಜೆಕ್ಟುಗಳಿಗೆ ಹೆಚ್ಚಿನ ಪಾಲು ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು; ಮಧ್ಯಾವಧಿ ಮತ್ತು ಅಂತಿಮ ಪರೀಕ್ಷೆಗಳಿಗೇ ಅರ್ಧಕ್ಕಿಂತ ಹೆಚ್ಚಿದ್ದರೆ ಅನುಮಾನಪಡಿ. ಗಣಿತ, ರಸಾಯನಶಾಸ್ತ್ರ, ಅಕೌಂಟಿಂಗ್‌ಗಳಲ್ಲಿ ಕಣ್ಗಾವಲು ಹೆಚ್ಚು. ಇತಿಹಾಸ, ಸಮಾಜಶಾಸ್ತ್ರ, ಶಿಶುಶಿಕ್ಷಣ, ವ್ಯವಹಾರ ಬರವಣಿಗೆಗಳಲ್ಲಿ ಕಡಿಮೆ.

ಹಳೆಯ ಸಿಲಬಸ್ಸನ್ನು ನಂಬಿ ಕೂರುವ ಕಾಲ ಇದಲ್ಲ. ಕೃತಕ ಬುದ್ಧಿಮತ್ತೆಯಿಂದ ಉತ್ತರ ಬರೆಸುವವರು ಹೆಚ್ಚಾದ ಮೇಲೆ, ಹಿಂದೆ ಪ್ರಬಂಧ ಕೇಳುತ್ತಿದ್ದ ಅಧ್ಯಾಪಕರಲ್ಲಿ ಕೆಲವರು ಮತ್ತೆ ಕಣ್ಗಾವಲಿನ ಪರೀಕ್ಷೆಗೆ ಹೊರಳಿದ್ದಾರೆ. ಆದ್ದರಿಂದ ಅಧ್ಯಾಪಕರಿಗೇ ನಾಲ್ಕು ಸಾಲಿನ ಮಿಂಚಂಚೆ ಬರೆಯಿರಿ: ಈ ಅವಧಿಯಲ್ಲಿ ಕ್ಯಾಮೆರಾ ಅಥವಾ ಲಾಕ್‌ಡೌನ್ ಬ್ರೌಸರ್ ಬೇಕೇ, ಕಡ್ಡಾಯವಾಗಿ ಹಾಜರಿರಬೇಕಾದ ಹೊತ್ತು ಯಾವುದಾದರೂ ಇದೆಯೇ, ಪರೀಕ್ಷೆ ಎಷ್ಟು ಗಂಟೆ ತೆರೆದಿರುತ್ತದೆ, ನಾನು ಇಂಥ ದೇಶದಲ್ಲಿರುವುದು ಅಡ್ಡಿಯಾಗುವುದೇ ಎಂದು ಕೇಳಿದರೆ ಸಾಕು. ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನೀವು ಕಳ್ಳದಾರಿ ಹುಡುಕುತ್ತಿದ್ದೀರೆಂದು ಅವರು ತಿಳಿದಾರು ಎಂಬ ಸಂಕೋಚ ಬೇಡ. ಮನೆಯ ಮತ್ತು ಪಾಳಿಯ ಪರಿಸ್ಥಿತಿಯನ್ನು ನೇರವಾಗಿ ಬರೆದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಅಂದಹಾಗೆ, ಇಂಥ ಕೋರ್ಸು ಹಗುರವೆಂದು ತಿಳಿಯಬೇಡಿ. ವಾರಕ್ಕೆ ಎರಡು ಬರಹ, ನಾಲ್ಕು ಪ್ರತಿಕ್ರಿಯೆ ಎಂದರೆ ಒಂದು ವಾರವೂ ಬಿಡುವಿರುವುದಿಲ್ಲ.

ಸಂಸ್ಥೆಯ ಮಾನ್ಯತೆಯನ್ನು ಅದರದೇ ಜಾಲತಾಣದಲ್ಲಿ ನೋಡಿ ನಂಬಬಾರದು. ಅಮೆರಿಕದ ಕಾಲೇಜಾದರೆ ಅಲ್ಲಿನ ಶಿಕ್ಷಣ ಇಲಾಖೆಯ ಮಾನ್ಯತಾ ಪಟ್ಟಿಯಲ್ಲಿ ಹುಡುಕಿ. ಜರ್ಮನಿಯಲ್ಲಿ ಬಳಸುವ ಪದವಿಯಾದರೆ ವಿದೇಶಿ ಪದವಿ, ಸಂಸ್ಥೆಗಳ ಮಾನ್ಯತೆಯನ್ನು ತಿಳಿಸುವ ಅಲ್ಲಿನ ಅನಾಬಿನ್ ಪಟ್ಟಿಯಲ್ಲಿ ಸಂಸ್ಥೆಯ ಮುಂದೆ ‘ಎಚ್ ಪ್ಲಸ್’ (ಮಾನ್ಯತೆಯಿದೆ) ಎಂಬ ಗುರುತಿದೆಯೇ ನೋಡಿ. ಕೊಲ್ಲಿಯಲ್ಲಿ ಕಂಪನಿಯ ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ. ಪರೀಕ್ಷೆಯೂ ಇಲ್ಲ, ಓದೂ ಇಲ್ಲ, ಕೆಲಸದ ಅನುಭವಕ್ಕೇ ಪದವಿ ಎನ್ನುವವರು ಮಾರುವುದು ಬರೀ ಕಾಗದ.

ಸೇರಿದ ಮೊದಲ ದಿನವೇ ಸಿಲಬಸ್ಸನ್ನು ಇನ್ನೊಮ್ಮೆ ಓದಿ, ಗಡುವುಗಳನ್ನೆಲ್ಲ ನಿಮ್ಮ ಗಡಿಯಾರಕ್ಕೆ ಬದಲಾಯಿಸಿ ಬರೆದಿಡಿ. ಕ್ಯಾಲಿಫೋರ್ನಿಯಾದ ಭಾನುವಾರ ರಾತ್ರಿ 11:59 ಎಂದರೆ ದುಬೈನಲ್ಲಿ ಬೇಸಿಗೆಯಾದರೆ ಸೋಮವಾರ ಬೆಳಿಗ್ಗೆ 10:59, ಚಳಿಗಾಲವಾದರೆ 11:59. ಎರಡೂ ಕಚೇರಿಯ ಹೊತ್ತೇ. ಆ ಓದಿನಲ್ಲಿ ಎಲ್ಲಾದರೂ ಕ್ಯಾಮೆರಾದ ಸಾಲು ಸಿಕ್ಕಿದರೆ ತಡಮಾಡದೆ ಕೋರ್ಸು ಬಿಡಿ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳಲ್ಲಿ ಇಡೀ ಅವಧಿ ನಡೆಯುವ ಕೋರ್ಸಿಗೆ ಶುಲ್ಕ ಮರಳುವುದು ಮೊದಲ ಎರಡು ವಾರದೊಳಗೆ ಬಿಟ್ಟರೆ ಮಾತ್ರ. ಅಲ್ಪಾವಧಿಯ ಕೋರ್ಸಾದರೆ ಅವಧಿಯ ಶೇಕಡಾ 10ರಷ್ಟು ಮುಗಿಯುವುದರೊಳಗೆ ಬಿಡಬೇಕು, ಎಂದರೆ ಎಂಟು ವಾರದ ಕೋರ್ಸಿನಲ್ಲಿ ನಿಮ್ಮ ಕೈಯಲ್ಲಿರುವುದು ಸುಮಾರು ಐದು ದಿನ.