ಒಂದು ಸರ್ವರ್ ಕೆಟ್ಟರೂ ಕಡತ ಸಿಗಬೇಕಾದರೆ

ಮದುವೆಯ ಕಾಲದಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಮುದ್ರಣಾಲಯವೊಂದರಲ್ಲಿ ಸರ್ವರ್‌ನಲ್ಲಿರುವ ಹಂಚಿಕೆಯ ಫೋಲ್ಡರ್ ತೆರೆಯದೆ ಹೋದರೆ ವಿನ್ಯಾಸ ಮಾಡುವವರಿಂದ ಬಿಲ್ ಬರೆಯುವವರವರೆಗೆ ಎಲ್ಲರೂ ಕೈಕಟ್ಟಿ ಕೂರಬೇಕಾಗುತ್ತದೆ. ಆಗ ಯಾರಾದರೂ ‘ಕ್ಲಸ್ಟರ್ ಹಾಕಿಸೋಣ’ ಎನ್ನುತ್ತಾರೆ. ಕ್ಲಸ್ಟರ್ ಎಂದರೆ ಒಂದು ಕೆಟ್ಟಾಗ ಇನ್ನೊಂದು ತಾನಾಗಿ ಕೆಲಸ ವಹಿಸಿಕೊಳ್ಳುವಂತೆ ಜೋಡಿಸಿದ ಸರ್ವರ್‌ಗಳ ಗುಂಪು. ಹತ್ತಿಪ್ಪತ್ತು ಜನರ ಕಚೇರಿಗೆ ಸಿದ್ಧವಾಗಿ ನಿಂತ ಎರಡನೆಯ ಸರ್ವರ್ ಒಂದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಎರಡು ಉತ್ತರಗಳನ್ನು ಬರೆದಿಡಿ. ಫೋಲ್ಡರ್ ಎಷ್ಟು ಹೊತ್ತು ಸಿಗದಿದ್ದರೆ ತಾಳಬಹುದು? ಎಷ್ಟು ಹೊತ್ತಿನ ಕೆಲಸ ಕಳೆದರೆ ಮತ್ತೆ ಮಾಡಿಕೊಳ್ಳಬಹುದು?

ಬಳಿಕ ಇರುವ ಸರ್ವರನ್ನೇ ಗಟ್ಟಿಮಾಡಿ. ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ಕ್ರಮಕ್ಕೆ ರೇಡ್ ಎನ್ನುತ್ತಾರೆ. ರೇಡ್ 1 ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಇಡುತ್ತದೆ. ರೇಡ್ 6 ಎರಡು ಡಿಸ್ಕ್ ಕೆಟ್ಟರೂ ತಾಳುತ್ತದೆ. ಮಳೆಗಾಲದ ಸಂಜೆ ಕರೆಂಟ್ ಹೋಗಿ ಬರುವ ಬೆಂಗಳೂರಿನಲ್ಲಿ ಯುಪಿಎಸ್ ಇಲ್ಲದೆ ನಡೆಯದು. ಬ್ಯಾಟರಿ ಮುಗಿಯುವ ಮೊದಲೇ ಸರ್ವರ್ ತಾನಾಗಿ ಮುಚ್ಚಿಕೊಳ್ಳುವಂತೆ ಜೋಡಿಸಿ. ಕಂಪ್ಯೂಟರ್‌ಗಳನ್ನು ಬೆಸೆಯುವ ನೆಟ್‌ವರ್ಕ್ ಸ್ವಿಚ್ಚನ್ನೂ ಯುಪಿಎಸ್‌ಗೇ ಸೇರಿಸಿ.

ಈಗ ಎರಡನೆಯ ಸರ್ವರ್. ಬದಲಾದ ಕಡತಗಳನ್ನು ನಕಲಿಸುವ ಆರ್‌ಸಿಂಕ್ ಎಂಬ ತಂತ್ರಾಂಶ ಹದಿನೈದು ನಿಮಿಷಕ್ಕೊಮ್ಮೆ ಅದಕ್ಕೆ ನಕಲು ಮಾಡಿದರೆ ಹೆಚ್ಚೆಂದರೆ ಸುಮಾರು ಅಷ್ಟು ಹೊತ್ತಿನ ಕೆಲಸ ಹೋಗಬಹುದು. ಅದೂ ಹೋಗಬಾರದೆಂದರೆ, ಒಂದು ಸರ್ವರ್‌ನ ಡಿಸ್ಕ್‌ಗೆ ಬರೆದದ್ದನ್ನು ನೆಟ್‌ವರ್ಕ್ ಮೂಲಕ ಆಗಿಂದಾಗಲೇ ಇನ್ನೊಂದಕ್ಕೂ ಬರೆಯುವ, 2010ರ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಇರುವ ಡಿಆರ್‌ಬಿಡಿ ಇದೆ. ಅದನ್ನು ಎರಡೂ ಕಡೆ ಬರೆದಾದ ಮೇಲೆಯೇ ‘ಆಯಿತು’ ಎನ್ನುವಂತೆ ಹೊಂದಿಸಬಹುದು. ಸಿಬ್ಬಂದಿಯ ಕಂಪ್ಯೂಟರ್‌ಗಳಲ್ಲಿ ಐಪಿ ವಿಳಾಸದ (ನೆಟ್‌ವರ್ಕ್‌ನಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆಯ) ಬದಲು ಸರ್ವರ್‌ಗೊಂದು ಹೆಸರು ಕೊಡಿ. ಮೊದಲನೆಯದು ಕೆಟ್ಟ ದಿನ ಅದರ ಪ್ಲಗ್ ಕಿತ್ತು, ಎರಡನೆಯದನ್ನು ಬಳಕೆಗೆ ತೆರೆದು, ಆ ಹೆಸರನ್ನು ಅದಕ್ಕೆ ತಿರುಗಿಸಿದರೆ ಕೆಲಸ ಮುಂದುವರಿಯುತ್ತದೆ.

ಪ್ಲಗ್ ಕೀಳುವುದನ್ನು ಮರೆಯಬೇಡಿ; ಮೊದಲನೆಯದು ನಿಜಕ್ಕೂ ನಿಂತಿದೆ ಎಂಬ ಖಾತರಿ ಅದೇ. ಕ್ಲಸ್ಟರ್‌ನ ಕಷ್ಟವೆಲ್ಲ ಇರುವುದು ಅಲ್ಲಿಯೇ. ಪೇಸ್‌ಮೇಕರ್‌ನಂಥ ಕ್ಲಸ್ಟರ್ ತಂತ್ರಾಂಶ ನಿಮ್ಮ ಪರವಾಗಿ ‘ಅದು ಸತ್ತಿದೆ’ ಎಂದು ತೀರ್ಮಾನಿಸಿ ಕೆಲವೇ ಕ್ಷಣಗಳಲ್ಲಿ ಅಧಿಕಾರ ಬದಲಿಸುತ್ತದೆ. ತೀರ್ಮಾನ ತಪ್ಪಾದರೆ? ಒಂದು ಕಚೇರಿಯಲ್ಲಿ ಸುಣ್ಣ ಬಳಿಯುವಾಗ ಎರಡು ಮಹಡಿಗಳ ನಡುವಿನ ಕೇಬಲ್ ಕಳಚಿತು. ಎರಡೂ ಸರ್ವರ್‌ಗಳು ಬದುಕಿದ್ದವು. ಇನ್ನೊಂದು ಸತ್ತಿತೆಂದು ಎರಡೂ ನಂಬಿದವು. ಮೇಲಿನವರು ಮೇಲಿನದರಲ್ಲಿ, ಕೆಳಗಿನವರು ಕೆಳಗಿನದರಲ್ಲಿ ಸಂಜೆಯವರೆಗೆ ಬರೆದರು. ಒಂದರ ಬರಹವನ್ನು ಕೈಬಿಡದೆ ಅವುಗಳನ್ನು ಮತ್ತೆ ಜೋಡಿಸಲಾಗಲಿಲ್ಲ. ಅರ್ಧ ಕಚೇರಿಯ ಒಂದು ದಿನದ ದುಡಿಮೆ ಹೋದದ್ದನ್ನು ಕಂಡು ನನಗೆ ನಿಜವಾಗಿ ಸಂಕಟವಾಯಿತು. ಇದನ್ನೇ ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ.

ಹಾಗಾಗಿ ಕ್ಲಸ್ಟರ್ ಬೇಕೇ ಬೇಕೆಂದರೆ ಎರಡು ಸರ್ವರ್‌ಗಳ ಜೊತೆ ಮೂರನೆಯ ಯಂತ್ರವೊಂದರ ಮತವನ್ನೂ ಇಡಿ. ಚಿಕ್ಕ ಕಂಪ್ಯೂಟರ್ ಆದರೂ ಸರಿ, ಬಹುಮತವಿರುವ ಕಡೆ ಮಾತ್ರ ಬರೆಯಲು ಅವಕಾಶವಿರಲಿ. ಅನುಮಾನ ಬಂದ ಸರ್ವರ್‌ನ ವಿದ್ಯುತ್ತನ್ನೇ ಕಡಿಯುವ ಫೆನ್ಸಿಂಗ್ ಕಡ್ಡಾಯ. ಒಂದೇ ಡಿಸ್ಕನ್ನು ಎರಡು ಸರ್ವರ್‌ಗಳು ಏಕಕಾಲಕ್ಕೆ ಬಳಸಬೇಕಿದ್ದರೆ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಸಾಮಾನ್ಯ ಕಡತ ವ್ಯವಸ್ಥೆಗಳು (ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಗಳು) ಸಲ್ಲವು, ದತ್ತಾಂಶವೇ ಹಾಳಾಗುತ್ತದೆ; ಹಂಚಿಕೊಂಡು ಬಳಸಲೆಂದೇ ಮಾಡಿದ ಜಿಎಫ್‌ಎಸ್2ನಂಥದ್ದು ಬೇಕು.

ಎರಡು ದಾರಿಗಳಲ್ಲಿ ಯಾವುದಾದರೂ ಬ್ಯಾಕಪ್ ಬೇರೆಯೇ ಇರಬೇಕು. ತಪ್ಪಿ ಅಳಿಸಿದ ಕಡತ ಡಿಆರ್‌ಬಿಡಿಯಲ್ಲಿ ಎರಡೂ ಕಡೆ ಆ ಕ್ಷಣವೇ ಅಳಿಯುತ್ತದೆ. ಹಳೆಯ ದಿನಗಳ ನಕಲೊಂದು ಬೇರೆ ಕಟ್ಟಡದಲ್ಲಿರಲಿ.

ಕೊನೆಗೆ, ಶನಿವಾರ ಸಂಜೆ ಎಲ್ಲರೂ ಹೊರಟ ಮೇಲೆ ಮೊದಲ ಸರ್ವರ್‌ನ ಪ್ಲಗ್ ಕಿತ್ತು ಗಡಿಯಾರ ನೋಡಿ. ಫೋಲ್ಡರ್ ಮತ್ತೆ ತೆರೆಯಲು ಹಿಡಿದ ಸಮಯವನ್ನು ನಿಮ್ಮ ಮೊದಲ ಉತ್ತರದ ಪಕ್ಕದಲ್ಲಿ ಬರೆಯಿರಿ. ಅದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಕ್ಲಸ್ಟರ್‌ನ ಬೆಲೆ ವಿಚಾರಿಸಿ.